ಹೆಳವನ ಹೊತ್ತಿಗೆಯೂ ಮುತ್ತಜ್ಜನ ಹೊಲವೂ

ಕಳೆದ ಶ್ರಾವಣದಲ್ಲಿ ಆಳಂದ ತಾಲ್ಲೂಕಿನ ಒಂದು ಗ್ರಾಮದಲ್ಲಿ ಪುರಾಣ ಪ್ರವಚನ ಮುಗಿದು, ಭಕ್ತರೆಲ್ಲರೂ ಪ್ರಸಾದಕ್ಕೆ ಕುಳಿತಿದ್ದ ಸಮಯ. ಕಲಬುರಗಿಯ ಕಾಲೇಜಿನಲ್ಲಿ ಓದುತ್ತಿದ್ದ ತರುಣನೊಬ್ಬ ನನ್ನ ಬಳಿಗೆ ಬಂದು ವಿನಯದಿಂದಲೇ ಒಂದು ಪ್ರಶ್ನೆ ಕೇಳಿದ. "ಅಣ್ಣ ಬಸವಣ್ಣನವರು ಮನುಷ್ಯನ ಕುಲವನ್ನು ಕೇಳಬಾರದೆಂದರು. ಹಾಗಿದ್ದರೆ ನಮ್ಮ ಮನೆಯಲ್ಲಿ ಹೆಳವನನ್ನು ಕರೆದು, ಜೋಳ ಕೊಟ್ಟು, ವಂಶಾವಳಿಯನ್ನು ಹೇಳಿಸುವುದು ಶರಣಧರ್ಮಕ್ಕೆ ಸಲ್ಲುತ್ತದೆಯೇ?" ಪಂಕ್ತಿಯಲ್ಲಿದ್ದ ಹಿರಿಯರು ಆ ತರುಣನನ್ನು ಗದರಿಸಲು ಮುಂದಾದರು. ನಾನು ತಡೆದೆ. ಪ್ರಶ್ನೆ ಸರಿಯಾಗಿಯೇ ಇತ್ತು. ಅಂದು ನಾನು ಕೊಟ್ಟ ಉತ್ತರ ಮಾತ್ರ ಅರೆಬರೆಯಾಗಿತ್ತು. ಅದನ್ನು ಈ ತಿಂಗಳ ಅಂಕಣದಲ್ಲಿ ಪೂರ್ಣಗೊಳಿಸುವ ಪ್ರಯತ್ನ ಮಾಡುತ್ತೇನೆ.

ಪೂರ್ವಜರನ್ನು ಅರಸುವುದರಲ್ಲಿ ಎರಡು ಬಗೆಗಳಿವೆ. ಕುಲದ ಹೆಮ್ಮೆಗಾಗಿ ಅರಸುವುದು ಒಂದು; ತಾನು ಹೊತ್ತಿರುವ ಋಣವನ್ನು ತಿಳಿಯುವುದಕ್ಕಾಗಿ ಅರಸುವುದು ಇನ್ನೊಂದು. ಮೊದಲನೆಯದನ್ನು ಶರಣರು ನಿರಾಕರಿಸಿದರು. ಎರಡನೆಯದನ್ನು ಯಾರೂ ನಿರಾಕರಿಸಲಾರರು. ಉಂಡ ಅನ್ನ ಯಾರ ಬೆವರಿನಿಂದ ಬಂತೆಂಬುದನ್ನು ಕೇಳುವುದು ಕಾಯಕ ತತ್ತ್ವದ ಒಂದು ಭಾಗವೇ ಆಗಿದೆ. ಆದರೆ ಹೆಮ್ಮೆಗಾಗಿ ಹೊರಟವನಿಗೆ ಬೇಕಾದ ಉತ್ತರವೇ ದೊರಕುತ್ತದೆ. ಋಣ ತಿಳಿಯಲು ಹೊರಟವನಿಗೆ ಬೇಡವಾದ ಉತ್ತರವೂ ದೊರಕೀತು. ಇದು ನನ್ನ ಸ್ವಂತ ಅನುಭವ.

ನಮ್ಮ ಸೀಮೆ ಮಹಾತ್ಮರ ಸೀಮೆ. ಏಕಾಂತದ ರಾಮಯ್ಯನವರು ಆಳಂದೆಯವರೆಂಬುದನ್ನು ಅಬ್ಬಲೂರಿನ ಶಿಲಾಶಾಸನವೇ ಹೇಳುತ್ತದೆ. ಜೇವರ್ಗಿಯ ಷಣ್ಮುಖ ಶಿವಯೋಗಿಗಳ ವಚನಗಳು ಇಂದಿಗೂ ಮನೆಮನೆಯಲ್ಲಿವೆ. ಹಳೆಯ ಜೇವರ್ಗಿ ತಾಲ್ಲೂಕಿನ ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಹಾಡದ ಭಜನೆಯಿಲ್ಲ. ಅದೇ ತಾಲ್ಲೂಕಿನ ಅರಳಗುಂಡಗಿಯ ಒಕ್ಕಲು ಮನೆಯಿಂದ ಬಂದ ಶರಣಬಸವೇಶ್ವರರು ಕಲಬುರಗಿಯಲ್ಲಿ ದಾಸೋಹದ ಬೆಳಕಾದರು. ಇವರಿಗೆಲ್ಲ ಶಾಸನವುಂಟು, ಪುರಾಣವುಂಟು, ಗದ್ದುಗೆಯುಂಟು. ಆದರೆ ಇವರ ಜಾತ್ರೆಗೆ ಬುತ್ತಿ ಕಟ್ಟಿಕೊಂಡು ನಡೆದುಬಂದ, ತೇರಿನ ಹಗ್ಗ ಹಿಡಿದ, ಮರುದಿನ ಮತ್ತೆ ಎರೆಹೊಲಕ್ಕೆ ಕುಂಟೆ ಹೂಡಿದ ಸಾಮಾನ್ಯ ಒಕ್ಕಲಿಗನಿಗೆ ಏನುಂಟು? ಹೈದರಾಬಾದ ಸಂಸ್ಥಾನದಲ್ಲಿ 1881ರಿಂದ ಜನಗಣತಿ ನಡೆದುಬಂತು. ಆ ಸಂಪುಟಗಳಲ್ಲಿ ಅವನು ಕೇವಲ ಒಂದು ಅಂಕೆ.

ಅವನಿಗಾಗಿ ಇರುವ ಮೊದಲ ಗ್ರಂಥವೆಂದರೆ ಹೆಳವನ ಹೊತ್ತಿಗೆ. ಸುಗ್ಗಿ ಮುಗಿದು ಕಣ ತುಂಬಿದ ಕಾಲಕ್ಕೆ ಎತ್ತಿನ ಮೇಲೆ ಕುಳಿತು, ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರುತ್ತಿದ್ದ ಹೆಳವನನ್ನು ನನ್ನ ವಯಸ್ಸಿನವರು ಕಂಡಿದ್ದಾರೆ. ಹೆಳವನೆಂದರೆ ಕಾಲಿಲ್ಲದವನು ಎಂದರ್ಥ. ಆದುದರಿಂದಲೇ ಅವನಿಗೆ ಬಸವಣ್ಣನೇ ವಾಹನವೆಂದು ಆ ಜನರ ಐತಿಹ್ಯ. ಕಟ್ಟೆಯ ಮೇಲೆ ಕುಳಿತು ಅವನು ಮೂಲಪುರುಷನಿಂದ ಆರಂಭಿಸಿ, ಯಾವ ಊರಿನಿಂದ ಯಾವ ಊರಿಗೆ ಬಂದಿರಿ, ಯಾರು ದತ್ತಕ ಬಂದರು, ಯಾರ ಮಗಳನ್ನು ಎಲ್ಲಿಗೆ ಕೊಟ್ಟಿರಿ ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದ. ತಾಮ್ರಪಟ, ಓಲೆ, ಕಡತಗಳಿಂದ ಕಾಗದದ ಪುಸ್ತಕಕ್ಕೆ ಇಳಿದು ಬಂದ ವಿದ್ಯೆಯಿದು. ಇಂತಿಂಥ ಮನೆತನಗಳು ಇಂತಿಂಥ ಹೆಳವರಿಗೆಂದು ಹಂಚಿಕೆಯಾಗಿರುತ್ತದೆ. ಹೊಸದಾಗಿ ಹುಟ್ಟಿದ ಮಗುವಿನ ಹೆಸರನ್ನು ಬರೆಸಿ, ಜೋಳವನ್ನೋ ವಸ್ತ್ರವನ್ನೋ ಅನುಕೂಲವಿದ್ದವರು ಆಕಳ ಕರುವನ್ನೋ ಕೊಡುವುದು ವಾಡಿಕೆ.

ಎರಡನೆಯ ಗ್ರಂಥ ನಮ್ಮ ಮನೆಯ ಅಟ್ಟದ ಮೇಲಿನ ಗಂಟು. ಕೆಂಪು ಬಟ್ಟೆಯಲ್ಲಿ ಸುತ್ತಿ, ದಸರೆಗೊಮ್ಮೆ ವಿಭೂತಿ ಹಚ್ಚಿ, ಯಾರೂ ಬಿಚ್ಚಿ ಓದದ ಹಳೆಯ ಕಾಗದಗಳು. ಓದದಿರುವುದಕ್ಕೆ ಕಾರಣವೂ ಉಂಟು. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮನ ಪ್ರಜೆಗಳು. ಸಂಸ್ಥಾನದ ಆಡಳಿತ ಭಾಷೆ ಮೊದಲು ಪಾರ್ಸಿ, 1884ರಿಂದ ಉರ್ದು. ಸೊಲ್ಲಾಪುರದ ಮಗ್ಗುಲಿಗಿರುವ ಆಳಂದ, ಅಫಜಲಪುರ ಭಾಗಗಳಲ್ಲಿ ಮೋಡಿ ಅಕ್ಷರದ ಮರಾಠಿ ಕಾಗದಗಳೂ ಇವೆ. ಹೀಗೆ ಕನ್ನಡಿಗನ ಹೊಲದ ಕಥೆಯನ್ನು ಕನ್ನಡ ಬಲ್ಲ ಮೊಮ್ಮಗ ಓದಲಾರ. ಸಾಲದೆಂಬಂತೆ ಆಳಂದ, ಅಫಜಲಪುರಗಳು ಪಾಯಗಾ ಅಮೀರರ ಆಡಳಿತಕ್ಕೆ ಸೇರಿದ್ದವು. 1949ರಲ್ಲಿ ಜಾಗೀರುಗಳು ರದ್ದಾಗುವವರೆಗೆ ಅಲ್ಲಿನ ದಫ್ತರವೇ ಬೇರೆ. ಜೇವರ್ಗಿಯವರು ತಮ್ಮ ಹಳೆಯ ಕಾಗದಗಳಲ್ಲಿ ಜೇವರ್ಗಿ ತಾಲ್ಲೂಕನ್ನು ಹುಡುಕಿ ನಿರಾಶರಾಗಬಾರದು. ಅಲ್ಲಿ ಆಂದೋಲ ತಾಲ್ಲೂಕೆಂದಿರುತ್ತದೆ.

ಇನ್ನು ಕಾಲಗಣನೆ. ಹೆಳವ ಸಂವತ್ಸರ ಹೇಳುತ್ತಾನೆ, ಕಾಗದ ಫಸಲಿ ಹೇಳುತ್ತದೆ, ನಮಗೆ ಬೇಕಾದುದು ಇಸವಿ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಆರಂಭದಲ್ಲಿ ಅಜೂರ ಮಾಸದಿಂದ ಮೊದಲಾಗುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಅದು ಆರಂಭವಾದ ಇಸವಿ ದೊರಕುತ್ತದೆ. ಜನವರಿಯಿಂದ ಮುಂದಿನ ತಿಂಗಳುಗಳಿಗೆ 591 ಕೂಡಿಸಬೇಕು. ಸಂವತ್ಸರಗಳಿಗೆ 60 ವರ್ಷಗಳ ಚಕ್ರ. ಪ್ರಭವವು 1867, 1927, 1987ರಲ್ಲಿ ಬಂತೆಂಬುದನ್ನು ನೆನಪಿಟ್ಟರೆ ಉಳಿದವುಗಳನ್ನು ಎಣಿಸಿಕೊಳ್ಳಬಹುದು. ನಮ್ಮ ಹಿರಿಯರು ಕಷ್ಟಗಳನ್ನು ಸಂವತ್ಸರದ ಹೆಸರಿನಿಂದಲೇ ನೆನಪಿಟ್ಟವರು. ಧಾತು ಸಂವತ್ಸರದ ಬರವೆಂದರೆ 1876–77. ವಿಕಾರಿಯ ಬರವೆಂದರೆ 1899–1900. ಇನ್‌ಫ್ಲುಯೆಂಜಾ ಮಹಾಮಾರಿ ಬಂದ ಕಾಳಯುಕ್ತಿ ಎಂದರೆ 1918. ಈ ಮೂರು ಗುರುತುಗಳು ನಮ್ಮ ಸೀಮೆಯ ಯಾವ ಮನೆತನದ ಕಥೆಗೂ ಮೈಲಿಗಲ್ಲುಗಳು.

ನಮ್ಮ ಮನೆಯ ಕಥೆಯೂ ಇವೇ ಮೂರರ ನಡುವೆ ಇದೆ.

ನಮ್ಮ ಮುತ್ತಜ್ಜ ಪಾಟೀಲನಲ್ಲ, ದೇಸಾಯಿಯಲ್ಲ, ಮಠದ ಅಯ್ಯನವರೂ ಅಲ್ಲ. ಧಾತು ಬರದಲ್ಲಿ ಏಳು ವರ್ಷದ ಬಾಲಕನಾಗಿ, ವಿಧವೆಯಾದ ತಾಯಿಯೊಂದಿಗೆ ಆಳಂದ ಸೀಮೆಯ ಊರನ್ನು ಬಿಟ್ಟು, ಭೀಮಾನದಿಯಲ್ಲಿ ನೀರಾದರೂ ಇದ್ದೀತೆಂದು ಅಫಜಲಪುರದ ಕಡೆಗೆ ನಡೆದು ಬಂದವನೆಂದು ಹೆಳವ ಹೇಳುತ್ತಿದ್ದ. ಮನೆಯಲ್ಲಿ ನಾವು ಕೇಳಿ ಬೆಳೆದ ಕಥೆ ಇದರ ಮುಂದಿನದು. ಆತ ಪರರ ಮನೆಯಲ್ಲಿ ಎತ್ತು ಕಾಯ್ದ, ಗಾಡಿ ಹೊಡೆದ, 1871ರಲ್ಲಿ ರಾಯಚೂರಿನವರೆಗೆ ಬಂದಿದ್ದ ರೈಲಿನ ನಿಲ್ದಾಣಕ್ಕೆ ಸಾಹುಕಾರರ ಜೋಳ ಹತ್ತಿ ಸಾಗಿಸಿದ, ಸ್ವಂತ ಹೊಲ ಮಾಡಿದ. ವಿಕಾರಿಯ ಬರ ಬಂದಾಗ ತನ್ನ ಹಗೇವನ್ನು ತೆರೆದು ಓಣಿಯವರಿಗೆಲ್ಲ ಅಂಬಲಿ ಕಾಯಿಸಿ ಹಾಕಿದ. ಪ್ರತಿ ವರ್ಷ ಆತನ ಸ್ಮರಣೆಯ ದಿನ ಈ ಹಗೇವಿನ ಪ್ರಸಂಗವನ್ನು ಹೇಳದೆ ನಮ್ಮಲ್ಲಿ ಪ್ರಸಾದವಾಗುತ್ತಿರಲಿಲ್ಲ. ನಾನೂ ಹಲವು ಪ್ರವಚನಗಳಲ್ಲಿ ದಾಸೋಹಕ್ಕೆ ದೃಷ್ಟಾಂತವಾಗಿ, ಹೆಸರು ಹೇಳದೆ, ಇದನ್ನು ಬಳಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಮನೆ ದುರಸ್ತಿಗೆಂದು ಅಟ್ಟದ ಗಂಟನ್ನು ಇಳಿಸಬೇಕಾಯಿತು. ಗೆದ್ದಲು ಒಂದು ಮೂಲೆಯನ್ನು ತಿಂದಿತ್ತು. ಉಳಿದುದನ್ನು ಬಿಸಿಲಿಗಿಟ್ಟು, ನಿವೃತ್ತರಾದ ಉರ್ದು ಶಿಕ್ಷಕರೊಬ್ಬರನ್ನು ಮನೆಗೆ ಕರೆದು ಓದಿಸಿದೆ. ಅವರು ಮೂರು ದಿನ ಸಂಜೆ ಬಂದು ಒಂದೊಂದು ಹಾಳೆಯನ್ನೂ ತಾಳ್ಮೆಯಿಂದ ಓದಿ ಹೇಳಿದರು. ಕಾಣಿಕೆ ಕೊಡಹೋದರೆ ಚಹ ಸಾಕೆಂದರು. ಎರಡನೆಯ ದಿನ ಸಂಸ್ಥಾನದ ಮುದ್ರೆಯಿರುವ ಒಂದು ಕ್ರಯಪತ್ರ ಹೊರಬಂತು. 1309 ಫಸಲಿ, ಬಹಮನ್ ಮಾಸ. ಲೆಕ್ಕ ಹಾಕಿದರೆ 1899ರ ಡಿಸೆಂಬರ್; ವಿಕಾರಿ ಸಂವತ್ಸರದ ಸರಿಯಾದ ನಡುಬರ. ಕೊಂಡವನು ನಮ್ಮ ಮುತ್ತಜ್ಜ. ಪೇಷೆ ಕಾಶ್ತಕಾರಿ, ವಯಸ್ಸು ಮೂವತ್ತು. ಅಂದರೆ ಧಾತುವಿನಲ್ಲಿ ಆತನಿಗೆ ಏಳು. ಹೆಳವನ ಬಾಯಿಮಾತೂ ಸರಕಾರದ ಕಾಗದವೂ ಒಂದೇ ಮಾತು ಹೇಳಿದುದನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಶಿಕ್ಷಕರು ಮುಂದಿನ ಸಾಲುಗಳನ್ನು ಓದಿದಾಗ ಆ ಸಂತೋಷ ಉಳಿಯಲಿಲ್ಲ. ಮಾರಿದವನು ನಮ್ಮದೇ ಓಣಿಯ ಇನ್ನೊಂದು ಮನೆತನದವನು. ಆರು ಎಕರೆ ಎರೆಭೂಮಿ. ಪ್ರತಿಫಲ ಎರಡು ಪಲ್ಲ ಜೋಳ, ಮೂವತ್ತೈದು ರೂಪಾಯಿ ಹಾಲಿ ಸಿಕ್ಕಾ. ಏಳು ಹಾಲಿಗೆ ಆರು ಕಲ್ದಾರಿನ ಲೆಕ್ಕದಲ್ಲಿ ಅದು ಮೂವತ್ತು ಇಂಗ್ರೇಜಿ ರೂಪಾಯಿ. ಅಕ್ಷರ ಬಾರದ ಆ ರೈತ ಕಾಗದದ ಕೆಳಗೆ ಸಹಿಯ ಬದಲು ಒಂದು ನೇಗಿಲಿನ ಚಿತ್ರ ಬರೆದಿದ್ದಾನೆ. ಒಕ್ಕಲಿಗನ ಗುರುತು ನೇಗಿಲು. ಹೊಲವನ್ನು ಕಳೆದುಕೊಳ್ಳುವ ಕಾಗದದ ಮೇಲೂ ಅವನಿಗೆ ಬರೆಯಲು ಬಂದುದು ಅದೊಂದೇ.

ಹಗೇವು ತೆರೆದುದು ನಿಜ. ಅದೇ ಹಗೇವಿನ ಜೋಳಕ್ಕೆ ಆರು ಎಕರೆ ಬರೆಸಿಕೊಂಡುದೂ ನಿಜ. ಓಣಿಗೆ ಅಂಬಲಿ ಹಾಕಿದ ಕೈಯೇ ಈ ಕಾಗದವನ್ನೂ ಪಡೆದಿತ್ತು.

ಕ್ರಯಪತ್ರದಲ್ಲಿ ಚಕ್‌ಬಂದಿ, ಅಂದರೆ ನಾಲ್ಕೂ ದಿಕ್ಕಿನ ಎಲ್ಲೆ, ಸ್ಪಷ್ಟವಾಗಿತ್ತು. ಅದನ್ನು ಹಿಡಿದು ತಾಲ್ಲೂಕು ಕಚೇರಿಯಲ್ಲಿ ಮುಂದಿನ ದಾಖಲೆಗಳನ್ನು ತೆಗೆಸಿದೆ. ಹೈದರಾಬಾದ ಪ್ರಾಂತದ ಹಳ್ಳಿಗಳಿಗೆ 1954–55ರ ಖಾಸ್ರಾ ಪಹಣಿ ಬಹು ಮುಖ್ಯವಾದ ದಾಖಲೆ. ಪಟ್ಟೆದಾರ ಯಾರು, ನಿಜವಾಗಿ ಉಳುವವನು ಯಾರು ಎಂಬುದನ್ನು ಅದು ಬೇರೆ ಬೇರೆಯಾಗಿ ತೋರಿಸುತ್ತದೆ. ಆ ಆರು ಎಕರೆಯ ಎದುರು ಪಟ್ಟೆ ನಮ್ಮ ಅಜ್ಜನ ಹೆಸರಿನಲ್ಲಿದೆ. ಉಳುವವನ ಕಲಮಿನಲ್ಲಿರುವುದು ನೇಗಿಲು ಬರೆದವನ ಮೊಮ್ಮಗನ ಹೆಸರು. ಅಂದರೆ ಐವತ್ತೈದು ವರ್ಷಗಳ ನಂತರವೂ ಆ ಮನೆಯವರು ತಮ್ಮದೇ ಆಗಿದ್ದ ಹೊಲವನ್ನು ನಮಗೆ ಗೇಣಿ ಕೊಟ್ಟು ಉಳುತ್ತಿದ್ದರು. ಮುಂದಿನ ದಶಕದ ಪಹಣಿಯಲ್ಲಿ ಆ ಕಲಮಿನಲ್ಲಿ "ಸ್ವತಃ" ಎಂದಷ್ಟೇ ಇದೆ. 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಗಳು ಸರಕಾರಕ್ಕೆ ಸೇರಿ ಉಳುವವನಿಗೆ ಹಕ್ಕು ದೊರೆಯುವ ಕಾಲ ಬಂದಾಗ, ಕಾಗದದಲ್ಲಿ ಅಲ್ಲಿ ಗೇಣಿದಾರನೇ ಇರಲಿಲ್ಲ.

ಈ ವಿಷಯವನ್ನು ನಮ್ಮ ತಂದೆಯವರು ಎಂದೂ ಹೇಳಿರಲಿಲ್ಲ. ಅವರಿಗೆ ತಿಳಿದಿತ್ತೋ ಇಲ್ಲವೋ ಎಂದು ಈಗ ಕೇಳುವಂತಿಲ್ಲ.

ಇದೇ ಸಮಯದಲ್ಲಿ ಇನ್ನೊಂದು ಕೊರತೆಯೂ ನನ್ನನ್ನು ಕಾಡತೊಡಗಿತು. ಇಷ್ಟು ಕಾಗದಗಳಲ್ಲಿ ಮುತ್ತಜ್ಜಿಯ ಹೆಸರು ಎಲ್ಲಿಯೂ ಇಲ್ಲ. ಗಂಡಸಿಗೆ "ವಲದ" ಎಂದು ತಂದೆಯ ಹೆಸರು ಬರೆಯುತ್ತಾರೆ. ಹೆಂಗಸು ಎಲ್ಲಾದರೂ ಕಾಣಿಸಿಕೊಂಡರೆ "ಜೌಜೆ" ಎಂದು ಗಂಡನ ಹೆಸರಿನೊಂದಿಗೆ, ಇಲ್ಲವೆ "ಬೇವಾ" ಎಂದು ಸತ್ತ ಗಂಡನ ಹೆಸರಿನೊಂದಿಗೆ. ಹೆಳವನ ಹೊತ್ತಿಗೆಯಲ್ಲಿಯೂ ಆಕೆ "ಇಂಥ ಊರಿನ ಮಗಳು" ಮಾತ್ರ. ಮುತ್ತಜ್ಜ ಕಾಳಯುಕ್ತಿಯ ಮಹಾಮಾರಿಯಲ್ಲಿ ತೀರಿಕೊಂಡ ಮೇಲೆ ಚಿಕ್ಕ ಮಕ್ಕಳನ್ನೂ ಹೊಲವನ್ನೂ ಮೂವತ್ತು ವರ್ಷ ನಿಭಾಯಿಸಿದವಳ ಹೆಸರು ನಮಗೇ ಗೊತ್ತಿಲ್ಲ!

ಆ ಹೆಸರು ದೊರೆತದ್ದು ಜೇವರ್ಗಿ ತಾಲ್ಲೂಕಿನಲ್ಲಿ. ಮುತ್ತಜ್ಜನ ಮಗಳನ್ನು ಅಲ್ಲಿಯ ಒಂದು ಮನೆಗೆ ಕೊಟ್ಟಿದ್ದರೆಂದು ಹೆಳವ ಹೇಳಿದ್ದ. ಹುಡುಕಿಕೊಂಡು ಹೋದೆ. ಎಂಬತ್ತು ದಾಟಿದ ಒಬ್ಬ ತಾಯಿ ನನ್ನನ್ನು ಕೂರಿಸಿ, ಒಳಗಿನಿಂದ ಒಂದು ಹಿತ್ತಾಳೆಯ ಕೊಡವನ್ನು ತಂದಿಟ್ಟರು. ಅದರ ಕಂಠದ ಕೆಳಗೆ ಉಳಿಯಿಂದ ಚುಚ್ಚಿದ ಕನ್ನಡ ಅಕ್ಷರಗಳು: ತಾಯಿ ಮಗಳಿಗೆ ಕೊಟ್ಟದ್ದೆಂದು, ತಾಯಿಯ ಪೂರ್ಣ ಹೆಸರಿನೊಂದಿಗೆ. ಸರಕಾರದ ದಫ್ತರಕ್ಕೆ ಬೇಡವಾದ ಹೆಸರನ್ನು ಕೊಡವೊಂದು ನೂರು ವರ್ಷ ಕಾಯ್ದಿತ್ತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯ ವಂಶಾವಳಿಯಲ್ಲಿ ಈಗ ಮುತ್ತಜ್ಜನ ಹೆಸರಿನ ಸರಿಸಮಕ್ಕೆ ಬರೆಸಿದ್ದೇನೆ.

ಕೊನೆಗೆ ಉಳಿದದ್ದು ಒಂದೇ ಕೆಲಸ. ಅದಕ್ಕೆ ಧೈರ್ಯ ಮಾಡಲು ನನಗೆ ಒಂದು ವರ್ಷ ಹಿಡಿಯಿತು. ನೇಗಿಲು ಬರೆದವನ ಮನೆತನ ಇಂದಿಗೂ ನಮ್ಮ ಓಣಿಯಲ್ಲಿದೆ. ಆ ಮನೆಯ ಹಿರಿಯರು ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಅವರ ಮಕ್ಕಳು ಸೊಲ್ಲಾಪುರ, ಪುಣೆಗಳಲ್ಲಿ ದುಡಿಯುತ್ತಾರೆ. ಒಂದು ಸೋಮವಾರ ಗುಡಿಯ ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕುಳಿತು, ಕಾಗದದ ಪ್ರತಿಯನ್ನು ಬಿಚ್ಚಿ, ಓದಲು ಆರಂಭಿಸಿದೆ. ಅವರು ಕೈಯೆತ್ತಿ ತಡೆದರು.

"ಇದು ನಮಗ ಗೊತ್ತಿಲ್ಲೇನ್ರಿ? ನಮ್ಮ ಹೆಳವ ಬಂದಾಗೆಲ್ಲ ಹೇಳತಾನ. ವಿಕಾರಿ ಬರದಾಗ ಎರಡು ಪಲ್ಲ ಜೋಳಕ್ಕ ಆರು ಎಕರೆ ಹೋತು ಅಂತ."

ನಾನು ತಲೆ ತಗ್ಗಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಮತ್ತೆ ಹೇಳಿದರು.

"ಆ ಎರಡು ಪಲ್ಲ ಜೋಳದಾಗ ನಮ್ಮ ಅಜ್ಜ ಉಳಿದ. ಕೂಸಿದ್ದ ಆಗ. ಅದನ್ನೂ ಹೆಳವ ಹೇಳತಾನ. ಒಂದು ಹೇಳಿ ಒಂದು ಬಿಡಂಗಿಲ್ಲ ಅವ."

ನಮ್ಮ ಮನೆಯ ಹೊತ್ತಿಗೆಯಲ್ಲಿ ಹಗೇವು ಮಾತ್ರ ಇತ್ತು. ಅವರ ಮನೆಯ ಹೊತ್ತಿಗೆಯಲ್ಲಿ ಹೊಲವೂ ಇತ್ತು, ಜೋಳವೂ ಇತ್ತು. ಸುಮಾರು ನೂರು ವರ್ಷ ಅವರು ನಮ್ಮ ಸ್ಮರಣೆಯ ಪಂಕ್ತಿಯಲ್ಲಿ ಕುಳಿತು ಹಗೇವಿನ ಕಥೆಯನ್ನು ಕೇಳಿದರು, ಒಮ್ಮೆಯೂ ಎದುರಾಡಲಿಲ್ಲ. ಇಷ್ಟು ವರ್ಷ ಪುರಾಣ ಹೇಳಿದ ನನಗೆ ಆ ದಿನ ಕಟ್ಟೆಯ ಮೇಲೆ ಹೇಳಲು ಏನೂ ಇರಲಿಲ್ಲ.

ಈಗ ನಮ್ಮ ಮನೆಯಲ್ಲಿ ಸ್ಮರಣೆಯ ದಿನ ಎರಡೂ ಕಥೆಗಳನ್ನು ಹೇಳುತ್ತೇವೆ. ಮೊದಲ ವರ್ಷ ನಮ್ಮ ಅಣ್ಣನ ಮಕ್ಕಳಲ್ಲಿ ಇಬ್ಬರು ಮುನಿಸಿಕೊಂಡು ಎದ್ದು ಹೋದರು. ಎರಡನೆಯ ವರ್ಷ ಕುಳಿತು ಕೇಳಿದರು. ಆ ಹೊಲ ಈಗ ಅವರ ಕೈಯಲ್ಲಿದೆ, ಅದರ ವಿಷಯದಲ್ಲಿ ಮಾಡುವುದೇನೆಂಬುದು ಅವರ ಅಂತಃಸಾಕ್ಷಿಗೆ ಬಿಟ್ಟದ್ದು. ನನ್ನ ಕೆಲಸ ಅವರೆದುರು ಕಾಗದವನ್ನು ಓದುವುದಾಗಿತ್ತು. ಓದಿದ್ದೇನೆ. ಪ್ರವಚನದಲ್ಲಿ ಆ ದೃಷ್ಟಾಂತವನ್ನು ಮಾತ್ರ ಅಂದಿನಿಂದ ಅರ್ಧವಾಗಿ ಹೇಳಿಲ್ಲ.

ತಮ್ಮ ಮನೆತನದ ಮೂಲವನ್ನು ಅರಸಬಯಸುವ ಓದುಗ ಬಂಧುಗಳಿಗೆ ಕೆಲವು ಸೂಚನೆಗಳು. ಮೊದಲು ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿರಿ. ಸಂಬಂಧಗಳ ಜಾಡು ಅವರ ನೆನಪಿನಲ್ಲಿಯೇ ಇರುತ್ತದೆ. ಮದುವೆಯಾಗಿ ಹೋದ ಅತ್ತೆಯರ, ಸೋದರತ್ತೆಯರ ಮನೆಗಳಲ್ಲಿ ವಿಚಾರಿಸಿರಿ. ಕೊಡ, ತಂಬಿಗೆ, ತೊಟ್ಟಿಲುಗಳ ಮೇಲಿನ ಅಕ್ಷರಗಳನ್ನು ನೋಡಿರಿ. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯುಂಟು. ಆದುದರಿಂದ "ಬಸಪ್ಪ ವಲದ ಶರಣಪ್ಪ" ಎಂಬ ಒಂದೇ ಹೆಸರು ಎರಡು ತಲೆಮಾರಿಗೊಮ್ಮೆ ಮರಳಿ ಬರುತ್ತದೆ. ಇಸವಿಯನ್ನೂ ವಯಸ್ಸನ್ನೂ ನೋಡದೆ ಅಜ್ಜನನ್ನೂ ಮೊಮ್ಮಗನನ್ನೂ ಒಬ್ಬನೆಂದು ತಿಳಿಯಬಾರದು. ಅಡ್ಡಹೆಸರು ಸಹ ಒಂದು ದಾಖಲೆ: ಮಾಲಿಪಾಟೀಲ ಎಂದರೆ ಕಂದಾಯದ ಹೊಣೆ, ಪೊಲೀಸಪಾಟೀಲ ಎಂದರೆ ಊರ ಕಾವಲಿನ ಹೊಣೆ ಹೊತ್ತ ಮನೆತನ, ಈ ವಂಶಪಾರಂಪರ್ಯ ಹುದ್ದೆಗಳು ನಮ್ಮ ರಾಜ್ಯದಲ್ಲಿ 1963ರಲ್ಲಿ ಕೊನೆಗೊಂಡವು. ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳನ್ನು ನೋಡಿರಿ. ಆದರೆ ಜೂನ್ 1ರಂದು ಹುಟ್ಟಿದವರು ಅಲ್ಲಿ ಅತಿಯಾಗಿ ಸಿಗುತ್ತಾರೆ, ಅದು ಗುರುಗಳು ಕೊಟ್ಟ ಜನ್ಮದಿನ!

ಪಹಣಿಗಳು ಭೂಮಿ ಯೋಜನೆಯಿಂದ ಗಣಕಯಂತ್ರಕ್ಕೆ ಬಂದು ಎರಡು ದಶಕಗಳು ಮೀರಿವೆ. ಅದಕ್ಕಿಂತ ಹಿಂದಿನ ಕೈಬರಹದ ಪುಸ್ತಕಗಳಿಗೆ ತಾಲ್ಲೂಕಿನ ದಾಖಲೆ ಕೋಣೆಯನ್ನೇ ಕಾಣಬೇಕು. 2024ರಿಂದ ಭೂ ಸುರಕ್ಷಾ ಯೋಜನೆಯಲ್ಲಿ ಅವನ್ನೂ ಛಾಯಾಪ್ರತಿ ಮಾಡುವ ಕಾರ್ಯ ನಡೆದಿದೆ. ಮನೆಯ ಕಾಗದಗಳಿಗೆ ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಬಿಸಿಮಾಡಿ ಅಂಟಿಸಬೇಡಿರಿ; ಮತ್ತೆ ಬಿಡಿಸಲು ಬಾರದು. ಶುಚಿಯಾದ ಹತ್ತಿಬಟ್ಟೆಯಲ್ಲಿ ಸುತ್ತಿ, ತೇವವಿಲ್ಲದ ಕಡೆ ಇಟ್ಟು, ಮೊಬೈಲಿನಲ್ಲಿ ಚಿತ್ರ ತೆಗೆದು ಮನೆಯವರೆಲ್ಲರಿಗೂ ಕಳುಹಿಸಿರಿ. ಉರ್ದು, ಮೋಡಿ ಓದಬಲ್ಲ ಹಿರಿಯರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ, ಅವರಿರುವಾಗಲೇ ಓದಿಸಿರಿ. ಹೆಳವ ಬಂದರೆ ಬಾಗಿಲು ಮುಂದೆ ಮಾಡಬೇಡಿರಿ. ಅವನ ಮಗ ಈಗ ಬೇರೆ ಉದ್ಯೋಗ ಹಿಡಿದಿದ್ದಾನೆ. ಹೊತ್ತಿಗೆ ಇನ್ನೆಷ್ಟು ಸುಗ್ಗಿ ಬಂದೀತೆಂದು ಹೇಳಲಾಗದು.

ಆಳಂದದ ಆ ತರುಣನಿಗೆ ನನ್ನ ಪೂರ್ಣ ಉತ್ತರ ಇಷ್ಟು. ತಮ್ಮಾ, ಹೆಳವನನ್ನು ಕರೆ. ಜೋಳ ಕೊಡು. ಆದರೆ ನಿಮ್ಮ ಮನೆಯ ಕಥೆ ಮುಗಿದ ಮೇಲೆ ಎದ್ದು ಹೋಗಬೇಡ. ನೆರೆಮನೆಯ ಕಟ್ಟೆಯ ಮೇಲೆ ಅವರ ಹೆಳವ ಏನು ಹೇಳುತ್ತಾನೆಂಬುದನ್ನೂ ಕುಳಿತು ಕೇಳು.